ಫಕೀರವ್ವನ ಬಲೆಯೂ ಬೀರಪ್ಪನ ಭಂಡಾರವೂ

ಫಕೀರವ್ವನ ತವರು ಒಂದು ಕಡೆ ನಿಲ್ಲುವಂಥದ್ದಲ್ಲ. ಬೇರೆ ಹೆಣ್ಣುಮಕ್ಕಳು ಹಬ್ಬಕ್ಕೆ ಬಸ್ಸು ಹತ್ತಿ ತವರಿಗೆ ಹೋದರೆ, ಇವಳ ತವರು ತಾನೇ ನಡೆದುಕೊಂಡು ಇವಳಿದ್ದಲ್ಲಿಗೆ ಬರುತ್ತದೆ. ಮುಂದೆ ಕುರಿ, ಪಕ್ಕದಲ್ಲಿ ನಾಯಿ, ಕುದುರೆಯ ಬೆನ್ನ ಮೇಲೆ ಗಂಟುಮೂಟೆ, ಗಂಟಿನ ಮೇಲೆ ಕಾಲು ಕಟ್ಟಿದ ಕೋಳಿ, ಎಲ್ಲಕ್ಕಿಂತ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ತಮ್ಮ ಭರಮಣ್ಣ. ಮಳೆಗಾಲದಲ್ಲಿ ಖಾನಾಪುರದ ನೆಲ ಕುರಿಗೆ ಆಗುವುದಿಲ್ಲ. ಗೊರಸು ಕೊಳೆಯುತ್ತದೆ. ಅದಕ್ಕೇ ಮಿರಗದ ಮಳೆ ಬೀಳುವುದಕ್ಕೆ ಮೊದಲೇ ಹಿಂಡು ಮೂಡಣ ದಿಕ್ಕಿನ ಒಣಭೂಮಿಗೆ ಹೋಗಿ, ದೀಪಾವಳಿ ದಾಟಿದ ಮೇಲೆ ತಿರುಗಿ ಬರುತ್ತದೆ. ಬಂದು, ನಂದಗಡದ ರಸ್ತೆಗೆ ಹತ್ತಿರುವ ಚಿಕ್ಕು ತೋಟದಲ್ಲಿ ಇಳಿಯುತ್ತದೆ. ಹಗಲು ಗಿಡದ ಬುಡದ ಹುಲ್ಲು ಕುರಿಗೆ, ರಾತ್ರಿ ಕುರಿ ನಿಲ್ಲಿಸಿದ ಗೊಬ್ಬರ ಗಿಡಕ್ಕೆ.

ಆ ತೋಟದಲ್ಲೇ ಫಕೀರವ್ವ ಮದುವೆಯಾದದ್ದು. ಅವಳಪ್ಪನ ಹಿಂಡು ಅಲ್ಲಿ ಇಳಿದಿದ್ದಾಗ, ತೋಟ ಕಾಯುತ್ತಿದ್ದ ಮುತ್ತಪ್ಪನಿಗೆ ನೋಡಿ ಕೊಟ್ಟರು. ಮದುವೆಯ ಮರುದಿನ ಹಿಂಡು ಮುಂದಕ್ಕೆ ಹೋಯಿತು, ಅವಳು ಉಳಿದಳು. ಅಷ್ಟು ದಿನ ನಡೆಯುತ್ತಲೇ ಬೆಳೆದವಳಿಗೆ ಒಂದೇ ಸೂರಿನ ಕೆಳಗೆ ನಿದ್ದೆ ಬರಲಿಲ್ಲವಂತೆ. ಆಮೇಲೆ ರೂಢಿಯಾಯಿತು. ಮಕ್ಕಳಾಗಲಿಲ್ಲ. ಮುತ್ತಪ್ಪ ತೀರಿಕೊಂಡ ಮೇಲೂ ತೋಟದ ಧಣಿ ಮಧುಕರರಾಯರು, “ನೀ ಎಲ್ಲಿಗೂ ಹೋಗಬ್ಯಾಡ, ಮುತ್ತಪ್ಪನ ಕೆಲಸ ನೀನೇ ಮಾಡು” ಎಂದರು. ರಾಯರಿರುವುದು ಬೆಳಗಾವಿಯ ಶಹಾಪುರದಲ್ಲಿ, ಕೆಲಸ ವಿಮಾ ಕಚೇರಿಯಲ್ಲಿ. ಅಪ್ಪ ನೆಟ್ಟ ತೋಟ ಅಂತ ಭಾನುವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಾರೆ.

ಹೀಗೆ ನಡೆದುಕೊಂಡು ಬಂದದ್ದು ಎರಡು ವರ್ಷದ ಹಿಂದೆ ಕೆಟ್ಟಿತು. ಚಿಕ್ಕುವಿನ ಮೊಗ್ಗಿಗೆ ಹುಳ ಬಿತ್ತು. ಬೂದಿ ಬಣ್ಣದ ಒಂದು ಸಣ್ಣ ಪತಂಗ, ಉಗುರಿನಷ್ಟೂ ಇಲ್ಲ. ಅದು ಮೊಗ್ಗಿನ ಮೇಲೆ ತತ್ತಿ ಇಡುತ್ತದೆ, ತತ್ತಿಯೊಡೆದ ಹುಳ ಮೊಗ್ಗನ್ನು ಕೊರೆದು ಒಳಗೇ ಕುಳಿತು ತಿನ್ನುತ್ತದೆ. ಹೂವಾಗುವ ಮೊದಲೇ ಮೊಗ್ಗು ಉದುರಿ ಬೀಳುತ್ತದೆ. ರಾಯರು ಹೇಳಿದ್ದಕ್ಕೆ ಪಕ್ಕದ ಹೊಲದ ಸತ್ಯಪ್ಪ ಟ್ರ್ಯಾಕ್ಟರಿಗೆ ಪಂಪು ಕಟ್ಟಿಕೊಂಡು ಬಂದು ಎಣ್ಣೆ ಹೊಡೆದ. ಈ ಕಡೆ ಬೆಳೆಗೆ ಹೊಡೆಯುವ ವಿಷದ ಔಷಧಿಗೆ ಎಣ್ಣೆ ಅಂತಲೇ ಹೆಸರು. ಹೊಡೆದು ಬಹಳ ದಿನ ಆಗಿದೆಯಲ್ಲ ಅಂತ ಭರಮಣ್ಣ ಹಿಂಡು ಬಿಟ್ಟ. ದೊಡ್ಡ ಕುರಿಗಳು ತಡೆದುಕೊಂಡವು. ಮರಿಗಳು ಬಾಯಲ್ಲಿ ನೊರೆ ತಂದು, ಕಾಲು ಬಡಿದು, ಫಕೀರವ್ವನ ಕಣ್ಣೆದುರೇ ಸತ್ತವು.

ಭರಮಣ್ಣ ಜಗಳ ಮಾಡಲಿಲ್ಲ. ಮರುದಿನ ಕುದುರೆಗೆ ಗಂಟು ಹೇರಿದ.

“ಎಣ್ಣಿ ಹೊಡಿಯೋ ತೋಟದಾಗ ಕುರಿ ನಿಲ್ಲಸಾಕ ಆಗಂಗಿಲ್ಲಕ್ಕ” ಎಂದ. “ನೀನೇ ನಮ್ಮ ಕೂಡ ಬಂದುಬಿಡು.”

“ಈ ಮೊಣಕಾಲ ತಗೊಂಡು ನಾ ಕುರಿ ಹಿಂದ ನಡೀಲೇನೋ? ನನ್ನೂ ಕುದರಿ ಮ್ಯಾಲೆ ಕೋಳಿ ಬಾಜು ಕಟ್ಟಬೇಕಾಕ್ಕೈತಿ” ಎಂದು ಅವಳು ನಕ್ಕಳು. ಅವನು ನಗಲಿಲ್ಲ. ಮುಂದಿನ ವರ್ಷ ಹಿಂಡು ಆ ರಸ್ತೆಗೇ ಬರಲಿಲ್ಲ. ದೀಪಾವಳಿಯ ಮೇಲೆ ಎಷ್ಟೋ ಸಂಜೆ ಫಕೀರವ್ವ ತೋಟದ ಬಾಗಿಲಲ್ಲಿ ನಿಂತು ಕುರಿಯ ಕೊರಳ ಗಂಟೆಗಾಗಿ ಕಿವಿಗೊಟ್ಟಳು. ಬಂದದ್ದೆಲ್ಲ ಕಬ್ಬಿನ ಗಾಡಿ.

ಮರಿಗಳ ಸಂಕಟ ರಾಯರಿಗೂ ಬಿಟ್ಟಿರಲಿಲ್ಲ. ಈ ವರ್ಷ ಎಲ್ಲೋ ರೈತರ ಸಭೆಗೆ ಹೋಗಿ ಕೇಳಿಕೊಂಡು, ಖಂಡೇಪೂಜೆಯ ದಿನವೇ ಒಂದು ಪೆಟ್ಟಿಗೆ ಹೊತ್ತುಕೊಂಡು ಬಂದರು. ಒಳಗೆ ಡೇರೆಯಂತೆ ಮಡಚುವ ಹಗುರಾದ ಹಲಗೆಗಳು, ಅಂಟು ಬಳಿದ ಬಿಳಿ ಹಾಳೆಗಳು, ಬಟಾಣಿ ಕಾಳಿನಷ್ಟು ದೊಡ್ಡ ರಬ್ಬರಿನ ಬಿರಡೆಗಳು. ಡೇರೆಯ ನೆಲಕ್ಕೆ ಹಾಳೆ ಹಾಸಿ, ನಡುವೆ ಬಿರಡೆ ತೂಗುಹಾಕಿದರು. ಎರಡು ಕಡೆಯೂ ಬಾಯಿ ತೆರೆದಿತ್ತು.

“ಇದೇನ್ರಿ ರಾಯರ, ಹುಳಕ್ಕೊಂದು ಗುಡಸಲಾ?” ಎಂದಳು ಫಕೀರವ್ವ.

“ಮೋಹಕ ಬಲೆ ಅಂತಾರ ಇದಕ್ಕ. ಹೆಣ್ಣು ಪತಂಗ ಹೊತ್ತು ಮುಳುಗೂ ಮುಂದ ಒಂದು ವಾಸನಿ ಬಿಡ್ತದ. ನಮ್ಮ ಮೂಗಿಗೆ ಹತ್ತೂದಿಲ್ಲ. ಗಂಡಿಗೆ ಮಾತ್ರ ಎಲ್ಲಿದ್ರೂ ತಿಳೀತದ. ಅದೇ ವಾಸನಿ ಈ ರಬ್ಬರಿನಾಗ ತುಂಬ್ಯಾರ. ಗಂಡು ಹುಡಿಕ್ಕೋತ ಒಳಗ ಬಂದು ಅಂಟಿಗೆ ಸಿಗತದ. ಗಂಡು ಸಿಗದ ಹೆಣ್ಣು ಇಟ್ಟ ತತ್ತಿಯೊಳಗ ಹುಳ ಹುಟ್ಟೂದಿಲ್ಲ.”

“ಒಳಗ ಹೆಣ್ಣು ಇರಂಗಿಲ್ಲ?”

“ಇಲ್ಲ.”

“ಬರೇ ವಾಸನಿ?”

“ಬರೇ ವಾಸನಿ.”

ಫಕೀರವ್ವ ಬಿರಡೆಯನ್ನೇ ನೋಡುತ್ತ ಕುಳಿತಳು. “ಹೆಂಡತಿ ಅದಾಳಂತ ನಂಬಿ ಬಂದದ್ದನ್ನ ಕೊಲ್ಲೂದು. ಪಾಪ ಅಲ್ಲೇನ್ರಿ?”

“ಎಣ್ಣಿ ಹೊಡದ್ರ ಗಂಡೂ ಸಾಯ್ತದ, ಹೆಣ್ಣೂ ಸಾಯ್ತದ, ಜೇನೂ ಸಾಯ್ತದ, ಭರಮಣ್ಣನ ಮರಿನೂ ಸಾಯ್ತದ. ಎರಡರಾಗ ಯಾವ ಪಾಪ ಬೇಕು ನೀನೇ ಹೇಳು.”

ಮರಿಯ ಮಾತು ಬಂದ ಮೇಲೆ ಅವಳು ಎದ್ದು ನಿಂತಳು. “ಹಂಗಂದ್ರ ಕಟ್ಟೂಣು ತಗೀರಿ” ಎಂದಳು.

ಕಟ್ಟುವ ಮೊದಲು ಒಂದು ಕೆಲಸವಿತ್ತು. ಅವಳ ಕುಲದಲ್ಲಿ ಮನೆಗೆ ಹೊಸದು ಏನು ಬಂದರೂ, ಕುಡುಗೋಲಾಗಲಿ, ಹಗ್ಗವಾಗಲಿ, ಕೊಡವಾಗಲಿ, ಅದರ ಮೇಲೆ ಕುಲದೇವರು ಬೀರಪ್ಪನ ಭಂಡಾರ ಬೀಳದೆ ಬಳಸುವುದಿಲ್ಲ. ಭಂಡಾರವೆಂದರೆ ಗುಡಿಯಿಂದ ತಂದ ಅರಿಷಿಣದ ಪುಡಿ, ಅವಳ ಸೊಂಟದ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅಂದು ಆಯುಧ ಪೂಜಿಸುವ ದಿನ ಬೇರೆ. ಕುಡುಗೋಲು, ಗುದ್ದಲಿ, ರಾಯರ ಸ್ಕೂಟರು ಎಲ್ಲದಕ್ಕೂ ಹಚ್ಚಿದಳು. ಬಲೆಗಳ ಸರದಿ ಬಂದಾಗ, ಹುಳ ಬೀಳಬೇಕಾದ್ದು ಒಳಗಲ್ಲವೇ ಅಂತ ಒಂದೊಂದರ ಬಾಯೊಳಗೂ ಹಿಡಿ ತುಂಬ ತೂರಿದಳು. ತಮ್ಮನನ್ನು ತಿರುಗಿ ತರುವ ವಸ್ತು ಅದು. ಕೈ ಬಿಗಿ ಹಿಡಿಯಲಿಲ್ಲ.

“ನನಗೂ ಹಚ್ಚು” ಎಂದು ರಾಯರು ಹಣೆ ಬಾಗಿಸಿದರು. ಇಬ್ಬರೂ ಸೇರಿ, ತುದಿಗೆ ಕೊಕ್ಕೆಯಿದ್ದ ಗಳದಿಂದ ಬಲೆಗಳನ್ನು ಕೊಂಬೆಗಳಿಗೆ ಏರಿಸಿದರು.

ಸತ್ಯಪ್ಪ ಬೇಲಿಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದ. ನಲವತ್ತರ ಹತ್ತಿರ ಬಂದರೂ ಮದುವೆಯಾಗದವನು, ಬಾಯಿ ಮಾತ್ರ ಜೋರು. “ಏನ ಆಯಿ, ಹುಳಕ್ಕ ಕನ್ಯಾ ತೋರಸಾಕ ಹತ್ತೀರೇನ?”

“ನಿನಗ ಕನ್ಯಾ ಸಿಗಲಿಲ್ಲಂತ ಹುಳಕ್ಕೂ ಸಿಗಬಾರದೇನೋ?”

“ನನಗೊಂದು ಬಿರಡಿ ಕೊಡು ಮತ್ತ, ನಮ್ಮನಿ ಬಾಗಲಕ್ಕ ಕಟ್ಟತೀನಿ.”

“ಇದರಾಗಿರೂದು ಹೆಣ್ಣಿನ ವಾಸನಿ. ಕಟ್ಟಿದರ ನಿನ್ನಂಥಾ ಗಂಡಸರ ಬಂದು ಸಾಲು ಹಚ್ಚತಾರ.”

ರಾಯರು ನಗುತ್ತ ಸ್ಕೂಟರ್ ಹತ್ತಿದರು. ಆ ಸಂಜೆ ಫಕೀರವ್ವ ತಮ್ಮನಿಗೆ ಫೋನು ಹಚ್ಚಿ, ಎಣ್ಣೆ ನಿಂತಿದೆ, ಬಾ ಎಂದು ಹೇಳಿದಳು.

“ಖರೇನಕ್ಕ?”

“ನಾ ಯಾವಾಗರ ಸುಳ್ಳ ಹೇಳೇನೇನೋ ನಿನಗ?”

ಮುಂದಿನ ಭಾನುವಾರ ರಾಯರ ಮುಂದೆ ಗಳ ಹಾಕಿ ಒಂದು ಬಲೆ ಇಳಿಸಿ ಒಳಗೆ ಇಣುಕಿದಳು. ಹಾಳೆ ಹಳದಿಯಾಗಿ ಲಕ್ಷಣವಾಗಿತ್ತು. ಒಂದು ಹುಳವೂ ಬಿದ್ದಿರಲಿಲ್ಲ. ಇನ್ನೊಂದು ಇಳಿಸಿದಳು. ಅದೂ ಹಾಗೆಯೇ. ಅವಳಿಗೆ ಸಂತೋಷವೇ ಆಯಿತು. ಭಂಡಾರ ಬಿದ್ದ ತೋಟ, ಹುಳ ಇತ್ತ ಸುಳಿದಿಲ್ಲ. “ಒಂದೂ ಇಲ್ರಿ ರಾಯರ” ಎಂದಳು. ರಾಯರು ಮೊಬೈಲಿನಲ್ಲಿ ಮಾತಾಡುತ್ತ ನಿಂತಿದ್ದವರು, “ಛಲೋ ಆತಲ್ಲ” ಎಂದರು. ಅದರ ಮುಂದಿನ ವಾರವೂ ಅದೇ ಮಾತು, ಅದೇ ಉತ್ತರ.

ದೀಪಾವಳಿಯ ಪಾಡ್ಯದ ಮರುದಿನ ಕಸ ಗುಡಿಸುವಾಗ ಕಸಬರಿಗೆಗೆ ಮೊಗ್ಗು ಸಿಕ್ಕವು. ಬರೀ ಒಂದೆರಡಲ್ಲ, ಬುಡದ ಸುತ್ತ ಚೆಲ್ಲಿದ ಹಾಗೆ. ಒಂದನ್ನು ಎತ್ತಿ ಉಗುರಿನಿಂದ ಸೀಳಿದಳು. ಒಳಗೆ ಕಂದು ಬಣ್ಣದ ಹುಳ ಕೊಸರಾಡಿತು. ಕಸಬರಿಗೆ ಅಲ್ಲೇ ಬಿಟ್ಟು ರಾಯರಿಗೆ ಫೋನು ಹಚ್ಚಿದಳು.

ರಾಯರು ಅಂದೇ ಬಂದರು. ಗಿಡದಿಂದ ಗಿಡಕ್ಕೆ ಹೋಗಿ ಮೊಗ್ಗು ಹಿಸುಕಿ ನೋಡಿದರು. ಮುಖ ಸಣ್ಣದಾಯಿತು.

“ಬಲಿಯೊಳಗ ಇವತ್ತರ ಬಿದ್ದದೇನು?”

“ಇಲ್ರಿ.”

“ಗಿಡದ ತುಂಬ ಹುಳ ಅದ, ಬಲಿಯೊಳಗ ಒಂದೂ ಇಲ್ಲ. ಅಂದ್ರ ಈ ವಾಸನಿ ನಮ್ಮ ಹುಳಕ್ಕ ಲಾಗೂ ಆಗೂದಿಲ್ಲ.” ಅವರು ಕೈಯಲ್ಲಿದ್ದ ಮೊಗ್ಗನ್ನು ಕೆಳಗೆ ಎಸೆದರು. “ಇನ್ನ ಕಾಯ್ಕೋತ ಕೂತರ ಹೂವೇ ಉಳಿಯೂದಿಲ್ಲ ಫಕೀರವ್ವ. ನಾಡದು ಮುಂಜಾನೆ ಸತ್ಯಪ್ಪಗ ಬಾ ಅಂತೀನಿ. ಭರಮಣ್ಣಗ ಹೇಳಿಬಿಡು, ಈ ಸಲಾನೂ ಬ್ಯಾರೆ ಕಡೆ ಕುರಿ ನಿಲ್ಲಸಲಿ.”

ಅವಳು ಹೂಂ ಎಂದಳು. ತೋಟ ಅವರದು.

ಅವರು ಹೋದ ಮೇಲೆ ಫೋನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಬೈಲಹೊಂಗಲ ದಾಟಿದೆವು ಎಂದು ಭರಮಣ್ಣ ಹಿಂದಿನ ದಿನವಷ್ಟೇ ಹೇಳಿದ್ದ. ದಾರಿಯಲ್ಲಿರುವ ಹಿಂಡನ್ನು ತಿರುಗಿ ಹೋಗು ಎನ್ನುವುದು ಹೇಗೆ? ಒಮ್ಮೆ ಬಾ ಎಂದು ಕರೆದು ತಿರುಗಿಸಿ ಕಳಿಸಿದರೆ, ಅವನು ಮುಂದೆ ಎಂದಾದರೂ ಬಂದಾನೆಯೇ? ಕರಿ ಕಂಬಳಿ ಹೊದ್ದುಕೊಂಡು, ಬಲೆ ಕಟ್ಟಿದ ಒಂದು ಗಿಡದ ಕೆಳಗೆ ಸುಮ್ಮನೆ ಕುಳಿತಳು. ಒಲೆ ಹೊತ್ತಿಸುವ ಮನಸ್ಸಾಗಲಿಲ್ಲ.

ಹೊತ್ತು ಮುಳುಗಿತು. ಆಕಾಶದಲ್ಲಿ ಇನ್ನೂ ಕೆಂಪಿತ್ತು. ಆಗ ಬಲೆಯ ಹತ್ತಿರ ಏನೋ ಮಿಸುಕಿತು. ನೋಡಿದರೆ ಅದೇ ಬೂದಿ ಪತಂಗ. ಗಾಳಿಯ ಇದಿರಿಗೆ ಓಲಾಡುತ್ತ, ಹಗ್ಗ ಹಿಡಿದು ಎಳೆದವರಂತೆ ನೇರ ಬಲೆಯ ಬಾಯಿಗೆ ಬಂತು. ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೆರಡು. ವಾಸನೆ ಲಾಗೂ ಆಗುವುದಿಲ್ಲ ಎಂದಿದ್ದರಲ್ಲ ರಾಯರು? ಇವು ಬರುತ್ತಿವೆಯಲ್ಲ. ಪತಂಗಗಳು ಒಳಗೆ ಹೋದವು, ಒಳಗೆ ರೆಕ್ಕೆ ಬಡಿಯುತ್ತ ಸುತ್ತಾಡಿದವು, ಆಮೇಲೆ ಮದುವೆಮನೆಯಲ್ಲಿ ಊಟ ಮುಗಿಸಿದವರ ಹಾಗೆ ಇನ್ನೊಂದು ಬಾಯಿಂದ ಆರಾಮಾಗಿ ಹೊರಬಂದವು.

ಒಂದು ಬಂದು ಅವಳ ಕಂಬಳಿಯ ಮೇಲೆ ಕುಳಿತಿತು, ಅಲ್ಲೇ ನಾಲ್ಕು ಹೆಜ್ಜೆ ಹರಿದಾಡಿ ಹಾರಿಹೋಯಿತು. ಕರಿ ಉಣ್ಣೆಯ ಮೇಲೆ ಹಳದಿಯ ಗೆರೆ ಉಳಿಯಿತು. ಅವಳು ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಗಿನ ಹತ್ತಿರ ತಂದಳು. ಅರಿಷಿಣ.

ಎದ್ದು ಗಳ ಹಾಕಿ ಬಲೆ ಇಳಿಸಿದಳು. ಹಾಳೆಯ ಮೇಲೆ ಬೆರಳಿಟ್ಟಳು. ಒಂದಿಷ್ಟೂ ಅಂಟಲಿಲ್ಲ. ರೊಟ್ಟಿಯ ಹಲಗೆಗೆ ಹಿಟ್ಟು ಉದುರಿಸಿದರೆ ನಾದಿದ ಹಿಟ್ಟು ಹೇಗೆ ಹತ್ತುವುದಿಲ್ಲವೋ ಹಾಗೆ, ಅಂಟಿನ ಮೇಲೆ ಭಂಡಾರ ಹರಡಿ ಕುಳಿತಿತ್ತು. ದಿನಾ ರೊಟ್ಟಿ ಬಡಿಯುವ ಕೈ ಅದು, ಆದರೂ ಹೊಳೆದಿರಲಿಲ್ಲ.

ಗೊತ್ತಾದದ್ದಕ್ಕೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಇದನ್ನು ರಾಯರಿಗೆ ಹೇಳುವುದು ಹೇಗೆ? ಬೀರಪ್ಪನ ಭಂಡಾರದಿಂದ ಕೆಟ್ಟಿತು ಎಂದು ಆಡಲು ಅವಳ ನಾಲಿಗೆ ಹೊರಳದು. ಹೇಳದಿದ್ದರೆ ನಾಡಿದ್ದು ಸತ್ಯಪ್ಪನ ಟ್ರ್ಯಾಕ್ಟರು. ಇದು ಫೋನಿನಲ್ಲಿ ಆಡುವ ಮಾತೂ ಅಲ್ಲ. ಹಾಳೆಯನ್ನು ಬಿಡಿಸಿ, ಅಗಲವಾದ ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

ಬೆಳಗಾಗುತ್ತಲೇ ಖಾನಾಪುರಕ್ಕೆ ಬಂದು ಬೆಳಗಾವಿಯ ಬಸ್ಸು ಹತ್ತಿದಳು. ಡಬ್ಬಿ ತೊಡೆಯ ಮೇಲೆ. ಪಕ್ಕದಲ್ಲಿ ಕುಳಿತ ಹೆಂಗಸು ಮರಾಠಿಯಲ್ಲಿ, ಮಗಳಿಗೆ ದೀಪಾವಳಿಯ ತಿಂಡಿ, ಫರಾಳ ಒಯ್ಯುತ್ತೀರಾ ಎಂದು ಕೇಳಿದಳು. ಫಕೀರವ್ವ ಹೂಂ ಎಂದಳು. ಮತ್ತೇನು ಹೇಳುವುದು?

ಶಹಾಪುರದ ಆ ಗಲ್ಲಿಯಲ್ಲಿ ಮಗ್ಗಗಳ ಸದ್ದು ಆಗಲೇ ಶುರುವಾಗಿತ್ತು. ರಾಯರು ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು. ಅವರ ಹೆಂಡತಿ ಶುಭದಾ ಬಾಗಿಲಿಗೆ ಬಂದು, “ಅಯ್ಯ, ಫಕೀರವ್ವ! ಒಳಗ ಬಾ, ಕುಂದ್ರು. ಏನಾತು?” ಎಂದರು.

ಫಕೀರವ್ವ ಕೂರಲಿಲ್ಲ. ಡಬ್ಬಿ ತೆರೆದು ರಾಯರ ಮುಂದೆ ಹಿಡಿದಳು. “ಬೆರಳ ಹಚ್ಚಿ ನೋಡ್ರಿ.”

ರಾಯರು ಹಚ್ಚಿದರು. ಬೆರಳು ಹಳದಿಯಾಯಿತು.

“ಹುಳ ಬರತಾವ್ರಿ. ನಿನ್ನೆ ಸಂಜಿಮುಂದ ಕಣ್ಣಾರೆ ನೋಡೀನಿ. ಒಳಗ ಹೋಗಿ ಓಡ್ಯಾಡಿ ತಿರುಗಿ ಬರತಾವ. ಅಂಟೇ ಇಲ್ಲ.” ಅವಳ ದನಿ ಇಳಿಯಿತು. “ಭಂಡಾರದ್ದೇನೂ ತಪ್ಪಿಲ್ರಿ. ತೂರಿದಾಕಿ ನಾನು.”

“ನೀನೊಬ್ಬಾಕೀನೇ ಅಲ್ಲ” ಎಂದರು ರಾಯರು ಮೆಲ್ಲಗೆ. “ನಾನೂ ಅಲ್ಲೇ ಇದ್ದೆ.”

“ಇದ್ದದ್ದಷ್ಟ ಅಲ್ಲ, ಹಣಿ ಮುಂದ ಮಾಡಿ ನಿಂತಿದ್ರಿ” ಎಂದರು ಶುಭದಾ. “ಮನಿಗೆ ಬಂದಾಗ ಮಾರಿ ತುಂಬ ಹಳದಿ ಇತ್ತು, ನಾನೇ ಕೇಳಿದ್ದೆ. ಸಭಾದಾಗ ಅಂಟಿನ ಬಗ್ಗೆ ಏನೂ ಹೇಳಲಿಲ್ಲೇನು ನಿಮಗ?”

“ಧೂಳು ಬೀಳದಂಗ ನೋಡ್ಕೋರಿ ಅಂದಿದ್ರು. ಭಂಡಾರ ಧೂಳು ಅಂತ ನನಗ ಅನಿಸಲಿಲ್ಲ.”

ಶುಭದಾ ಫಕೀರವ್ವನನ್ನು ಕೂರಿಸಿ, ಕೈಗೆ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತರು. ಅವಳ ಕಣ್ಣು ಇನ್ನೂ ಡಬ್ಬಿಯ ಮೇಲಿತ್ತು. “ಇಷ್ಟ್ಯಾಕ ಮನಸಿಗೆ ಹಚ್ಚಿಕೊಳ್ತಿ?” ಎಂದರು ಶುಭದಾ. “ಭಂಡಾರ ಇರೂದು ಜೀವ ಕಾಯಾಕ. ತನ್ನ ಹತ್ರ ಬಂದ ಜೀವ ಕಾಯ್ದದ. ಅದು ಹುಳಾನೋ ಕುರೀನೋ ಅಂತ ಅದಕ್ಕೇನು ಗೊತ್ತು?”

ಫಕೀರವ್ವ ಒಂದು ಕ್ಷಣ ಅವರ ಮುಖ ನೋಡಿದಳು. ಡಬ್ಬಿಯ ಮುಚ್ಚಳ ಹಾಕಿ ಚಹಾ ಕುಡಿದಳು. “ಹೌದ್ರಿ ಬಾಯಾರ” ಎಂದಳು. “ನಮ್ಮ ಬೀರಪ್ಪ ಹಂಗ ಅದಾನ.”

ರಾಯರು ಆಫೀಸಿಗೆ ಫೋನು ಮಾಡಿ ರಜೆ ಕೇಳಿದರು. ಕಪಾಟಿನಿಂದ ಮಿಕ್ಕ ಅಂಟಿನ ಹಾಳೆಗಳನ್ನು ತೆಗೆದರು. “ಇವತ್ತೇ ಬದಲಿ ಮಾಡೂಣು. ನಾಳೆ ಮುಂಜಾನೆ ಹುಳ ಬಿದ್ದಿದ್ರ ಎಣ್ಣಿ ಬ್ಯಾಡ. ಬಿದ್ದಿರಲಿಲ್ಲಂದ್ರ, ಫಕೀರವ್ವ, ನನ್ನ ಕೈಯಾಗ ಏನೂ ಇಲ್ಲ. ಸತ್ಯಪ್ಪಗ ಬರಬ್ಯಾಡ ಅಂತ ಈಗ ಹೇಳೂದಿಲ್ಲ.”

“ಆತ್ರಿ” ಎಂದಳು.

ಮಧ್ಯಾಹ್ನ ಇಳಿಯುವಷ್ಟರಲ್ಲಿ ಎಲ್ಲ ಬಲೆಗಳಿಗೂ ಹೊಸ ಹಾಳೆ ಬಿತ್ತು. ಹಾಳೆಯ ಕಾಗದ ಸುಲಿಯುವ ಮೊದಲು ಅವಳು ಸೊಂಟದ ಚೀಲವನ್ನು ಬಿಚ್ಚಿ ಮನೆಯ ಗೂಟಕ್ಕೆ ನೇತುಹಾಕಿ, ಕೈಯನ್ನು ಸಬಕಾರ ಹಚ್ಚಿ ತೊಳೆದುಕೊಂಡಳು. ಸಂಜೆ ತಮ್ಮನ ಫೋನು ಬಂತು. ಪಾರಿಶ್ವಾಡದ ಹತ್ತಿರ ಇಳಿದಿದ್ದೇವೆ ಎಂದ. “ಯಾಕಕ್ಕ, ದನಿ ಸಣ್ಣದಾಗೇತಿ?” ಎಂದು ಕೇಳಿದ. ಅವಳು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. “ನಾಳೆ ಹೊತ್ತು ಏರಿದ ಮ್ಯಾಲೆ ನಾನೇ ಫೋನ ಹಚ್ಚತೀನಿ. ಅಲ್ಲೀಮಟ ಹಿಂಡು ಎಬ್ಬಿಸಬ್ಯಾಡ” ಎಂದಳು.

ಮರುದಿನ ರಾಯರು ಬರುವ ಮೊದಲೇ ಸತ್ಯಪ್ಪನ ಟ್ರ್ಯಾಕ್ಟರು ತೋಟದ ಬಾಗಿಲಲ್ಲಿ ನಿಂತಿತ್ತು. ಪೀಪಾಯಿಗೆ ನೀರು ತುಂಬಿಸಿದ್ದ, ಔಷಧಿ ಇನ್ನೂ ಬೆರೆಸಿರಲಿಲ್ಲ. “ಏನ ಆಯಿ, ಕನ್ಯಾ ಪಸಂದ ಬಂತೇನ ಯಾರಿಗರ?” ಎಂದ. ಅವಳು ಸ್ಕೂಟರಿನ ಸದ್ದು ಕೇಳುವವರೆಗೂ ಬಲೆಗಳ ಕಡೆ ಮುಖವನ್ನೂ ಎತ್ತಲಿಲ್ಲ.

ರಾಯರು ಬಂದರು. ಅವಳು ಗಳ ಎತ್ತಿದಳು. ಕೊಕ್ಕೆ ಎರಡು ಸಲ ಜಾರಿತು. ಸತ್ಯಪ್ಪನೇ ಗಳ ಇಸಿದುಕೊಂಡು ಬಲೆ ಇಳಿಸಿ, ಮೊದಲು ತಾನೇ ಇಣುಕಿದ.

ಬಲೆಯನ್ನು ಅವಳ ಕೈಗೆ ಕೊಟ್ಟ.

ಬಿಳಿ ಹಾಳೆಯ ತುಂಬ ಬೂದಿ ಪತಂಗಗಳು. ಕೆಲವು ಸತ್ತಿದ್ದವು, ಕೆಲವು ಇನ್ನೂ ರೆಕ್ಕೆ ನಡುಗಿಸುತ್ತಿದ್ದವು. ಬಹುಪಾಲು ಎಲ್ಲವೂ ಬಿರಡೆಯ ಕೆಳಗೇ ಒತ್ತಿಕೊಂಡು ಬಿದ್ದಿದ್ದವು. ಎರಡನೆಯ ಬಲೆಯಲ್ಲೂ ಹಾಗೆಯೇ. ರಾಯರು ಮೂರನೆಯದನ್ನು ಇಳಿಸಲು ಹೇಳಲಿಲ್ಲ.

“ಸತ್ಯಪ್ಪ, ನಿನ್ನ ನೀರು ಈ ಗಿಡಗಳಿಗೇ ಬಿಟ್ಟು ಹೋಗು” ಎಂದರು.

ಸತ್ಯಪ್ಪ ಬಲೆಯೊಳಗೆ ಇನ್ನೊಮ್ಮೆ ನೋಡಿದ. “ಇದನ್ನ ನೋಡಿದ ಮ್ಯಾಲೆ ನನಗ ಕನ್ಯಾನೇ ಬ್ಯಾಡ ಆಯಿ” ಎಂದು ಪೀಪಾಯಿಯ ನಳ ತಿರುವಿದ.

ಫಕೀರವ್ವ ನಕ್ಕಳು. ಆದರೂ ರೆಕ್ಕೆ ಆಡಿಸುತ್ತಿದ್ದ ಒಂದನ್ನು ಬಹಳ ಹೊತ್ತು ನೋಡಿದಳು. ಹುಡುಕಿಕೊಂಡು ಬಂದದ್ದು, ಯಾರೂ ಸಿಗದೆ ಹೋದದ್ದು. ಪಾಪ ಪಾಪವೇ. ಹೊತ್ತುಕೊಳ್ಳಬಹುದಾದಷ್ಟು ಪಾಪ ಎಂದುಕೊಂಡು ತಮ್ಮನಿಗೆ ಫೋನು ಹಚ್ಚಿದಳು.

ಆ ಸಲದ ಮೊಗ್ಗು ಅರ್ಧಕ್ಕಿಂತ ಹೆಚ್ಚು ಹೋಗಿಯೇ ಹೋದವು. ಒಮ್ಮೆ ಮೊಗ್ಗಿನೊಳಗೆ ಸೇರಿದ ಹುಳಕ್ಕೆ ಬಲೆ ಏನು ಮಾಡೀತು? ಉದುರಿದ್ದನ್ನೆಲ್ಲ ಅವಳು ದಿನಾ ಗುಡಿಸಿ ಸುಟ್ಟಳು. ಆಮೇಲೆ ಬಂದ ಮೊಗ್ಗುಗಳು ನಿಂತವು, ಹೂವಾದವು. ರಾಯರೂ ಬಂದಾಗಲೆಲ್ಲ ಮೊದಲು ಹಾಳೆಗೆ ಬೆರಳು ಹಚ್ಚಿ ನೋಡುವುದನ್ನು ಕಲಿತರು.

ಹಿಂಡು ಬಂದದ್ದು ಮೂರನೆಯ ದಿನ, ಇಳಿಹೊತ್ತಿಗೆ. ಮೊದಲು ಗಂಟೆ ಕೇಳಿತು, ಆಮೇಲೆ ಧೂಳು ಕಂಡಿತು. ನಾಯಿ ಅವಳ ಗುರುತು ಹಿಡಿದು ಬಂದು ಸೀರೆಯ ನೆರಿಗೆಗೆ ಮೂಗು ತಿಕ್ಕಿತು. ಕುರಿಗಳು ತೋಟದೊಳಗೆ ನುಗ್ಗಿ, ತಡಮಾಡದೆ ಹುಲ್ಲಿಗೆ ಬಾಯಿ ಹಾಕಿದವು. ಭರಮಣ್ಣ ಒಂದು ಗಳಿಗೆ ಮರಿಗಳ ಬಾಯನ್ನೇ ನೋಡುತ್ತ ನಿಂತ. ಆಮೇಲೆ ತಲೆ ಎತ್ತಿದ.

“ಇದೇ ಏನಕ್ಕ, ನೀ ಹೇಳಿದ ಬಲಿ?”

“ಇದೇ.”

“ಇದೇ ನಮ್ಮನ್ನ ತಿರುಗಿ ಕರಕೊಂಡು ಬಂತಲ್ಲ” ಎಂದು ಅವನು ಸೊಂಟದ ಚೀಲಕ್ಕೆ ಕೈ ಹಾಕಿ, ಹಿಡಿ ತುಂಬ ಭಂಡಾರ ತೆಗೆದು ಬಲೆಯ ಕಡೆ ಕೈ ಎತ್ತಿದ.

ಫಕೀರವ್ವ ಅವನ ಮುಂಗೈ ಹಿಡಿದಳು. ಬಿಡದೆ ಹಾಗೇ ಕೆಳಗಿಳಿಸಿ, ಗಿಡದ ಬೊಡ್ಡೆಯ ಮೇಲೆ ಇರಿಸಿದಳು.

“ಇಲ್ಲಿ ಹಚ್ಚು” ಎಂದಳು.